ಮಂಗನಕೋಡಿನ ಮಡ್ಡಿ

ಕಾಡಪ್ಪ ಎರೆಹೊಲದ ಮೂಲೆಯಲ್ಲಿ ಗುದ್ದಲಿ ಎತ್ತಿದ್ದಷ್ಟೇ, ಗುರುಬಸವ್ವ ಬಂದು ಅದರ ಕಾವು ಹಿಡಿದಳು. ಗಂಡ ಮಡಿವಾಳೆಪ್ಪನ ಹೆಣವನ್ನು ಇನ್ನೂ ಮನೆಯ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಹೆಣ ಬಿಟ್ಟು ಹೆಂಡತಿ ಹೊಲಕ್ಕೆ ಓಡಿಬಂದದ್ದನ್ನು ಕಟಕೋಳದವರು ಎಂದೂ ಕಂಡಿರಲಿಲ್ಲ.

“ಇಲ್ಲಿ ಬ್ಯಾಡ. ಕುಣಿ ಮಡ್ಡಿ ಮ್ಯಾಲ ತೋಡು.”

“ಅಲ್ಲಿ ಬರೇ ಕಲ್ಲ ಅದಾವವ್ವಾ. ಗುದ್ದಲಿ ನಾಟಂಗಿಲ್ಲ, ಹಾರಿ ಹಾಕಬೇಕಾಗ್ತೈತಿ,” ಎಂದ ಕಾಡಪ್ಪ.

“ಹಾಕು.”

ಮೈದುನ ವಿರೂಪಾಕ್ಷ ಬೇವಿನ ನೆರಳಿನಿಂದ ಎದ್ದು ಬಂದ. ಅಣ್ಣ ಸತ್ತ ದುಃಖ ಅವನ ಮುಖದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಹೊಲದ ಪಕ್ಕದ ಆ ಬರಡು ದಿಬ್ಬ, ಕಲ್ಲುಮಡ್ಡಿ, ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿತ್ತು. ಅದನ್ನು ಕಲ್ಲಿನ ಖಣಿಗೆ ಕೊಡಲು ಅವನು ನಾಲ್ಕು ವರ್ಷದಿಂದ ಹವಣಿಸುತ್ತಿದ್ದ. ಸಹಿ ಹಾಕದೆ ಅಡ್ಡ ನಿಂತವನು ಅಣ್ಣನೊಬ್ಬನೇ. ಇನ್ನು ಅತ್ತಿಗೆಯ ಸಹಿ ಎಷ್ಟು ಹೊತ್ತಿನ ಮಾತು? ಮಡ್ಡಿಯಲ್ಲಿ ಬೆಳೆದ ಮಂಗನಕೋಡು ಗಿಡದ ಮೇಲೆ ಅವಳಿಗಿದ್ದ ಸಿಟ್ಟು ಊರಿಗೇ ಗೊತ್ತಿತ್ತು.

“ಏನ್ ವೈನಿ ಇದು? ಆ ಹೊಲಸು ಗಿಡದಾಗ ಅಣ್ಣನ್ನ ಹೂಳತೀರೇನು?”

“ಅದರಾಗ ಬದುಕಿದಾಂವ. ಅದರಾಗ ಇರಲಿ.”

*

ಮಡಿವಾಳೆಪ್ಪ ಸಾಲೆಯ ಶಿಪಾಯಿಯಾಗಿದ್ದ. ಗಂಟೆ ಬಾರಿಸುವುದು, ಕೊಠಡಿಗಳಿಗೆ ಕೀಲಿ ಹಾಕುವುದು, ಯಾರೇ ಕೂಗಿದರೂ “ಬಂದೆನ್ರಿ” ಎಂದು ಓಡುವುದು. ತೊಂಬತ್ತಾರರ ಮಳೆಗಾಲದಲ್ಲಿ ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಬಾಯಾರೊಬ್ಬರು ಬಂದು, ಮಡ್ಡಿಯ ಕಲ್ಲುಸಂದಿಯ ಮಂಗನಕೋಡನ್ನು ಮೊಣಕಾಲೂರಿ ನೋಡಿದರು. ಎಲೆಯೇ ಇಲ್ಲದ, ರಸ ತುಂಬಿದ, ಬೆರಳುದ್ದದ ಏಣುಏಣಾದ ಕಡ್ಡಿಗಳು.

“ಈ ಜಾತೀದು ಈ ಸೀಮ್ಯಾಗ ಬ್ಯಾರೆಲ್ಲೂ ನಾ ಕಂಡಿಲ್ಲ. ನೀವು ಇದನ್ನ ಕಾಯಬೇಕ್ರಿ.”

ಅವನಿಗೆ ‘ನೀವು’ ಎಂದು ಕರೆದು ಯಾರಾದರೂ ಕೆಲಸ ಹೇಳಿದ್ದು ಅದೇ ಮೊದಲು. ಮುಗಿಯಿತು ಕತೆ. ಮುಳ್ಳುಬೇಲಿ ಬಡಿದ, ಕುರಿಯವರೊಂದಿಗೆ ಕೈಕೈ ಮಿಲಾಯಿಸಿದ, ಎಳೆ ಕಡ್ಡಿ ಮುರಿದು ಉಪ್ಪು ಹಚ್ಚಿ ತಿನ್ನುವವರನ್ನು ಊರ ಅಗಸೆಯವರೆಗೆ ಅಟ್ಟಿಸಿಕೊಂಡು ಹೋದ.

ಒಂದು ಗಿಡ ತಗಡಿನ ಡಬ್ಬಿಯಲ್ಲಿ ಮನೆಯ ಅಂಗಳಕ್ಕೂ ಬಂತು. ಅದು ಹೂಬಿಟ್ಟದ್ದು ಶ್ರಾವಣ ಸೋಮವಾರ, ಮಠದ ಅಯ್ಯನವರು ಪ್ರಸಾದಕ್ಕೆ ಬರುವ ದಿನವೇ. ಆ ಹೂವಿಗೆ ಕೊಳೆತ ಮಾಂಸದ ನಾತ. ಅಯ್ಯನವರು ಹೊಸ್ತಿಲಲ್ಲೇ ಶಲ್ಯದಿಂದ ಮೂಗು ಮುಚ್ಚಿದರು.

“ಮಡಿವಾಳೆಪ್ಪ, ಲಿಂಗ ಕಟ್ಟಿದ ಮನ್ಯಾಗ ಏನ ಕುದಿಸಾಕ ಹತ್ತೀರಿ?”

“ಹೂವ್ರಿ ಅಜ್ಜಾರ, ಹೂವಿನ ವಾಸನಿರಿ!”

ಯಾರು ನಂಬುತ್ತಾರೆ? ಅಯ್ಯನವರು ಬಂದ ದಾರಿ ಹಿಡಿದರು. ಗುರುಬಸವ್ವ ಮಾಡಿದ ಹೋಳಿಗೆ ದನಗಳ ಪಾಲಾಯಿತು. ಓಣಿಯ ಹೆಂಗಸರು ವರ್ಷವಿಡೀ ಅವಳನ್ನು ಕಂಡರೆ ಸೆರಗು ಮೂಗಿಗೆ ಹಿಡಿದು ನಕ್ಕರು. ಅವಳು ಡಬ್ಬಿಯನ್ನು ತಿಪ್ಪೆಗೆ ಒಗೆದು ಕೇಳಿದಳು:

“ನಾ ಬೇಕೋ, ಅದು ಬೇಕೋ?”

ಅವನು ಮಡ್ಡಿ ಹತ್ತಿದ. ಅಂದಿನಿಂದ ಒಂಬತ್ತು ವರ್ಷ ಗಂಡಹೆಂಡಿರ ನಡುವೆ ಉಪ್ಪು, ಎಣ್ಣೆಯ ಮಾತು ಬಿಟ್ಟರೆ ಮತ್ತೊಂದಿರಲಿಲ್ಲ.

*

ಇವತ್ತು ಬೆಳಿಗ್ಗೆ ಹೆಣಕ್ಕೆ ಇನ್ನೂ ನೀರು ಹಾಕಿರಲಿಲ್ಲ, ವಿರೂಪಾಕ್ಷ ಖಣಿಯವನನ್ನು ಕರೆದುಕೊಂಡು ಹೋಗಿ ಮಡ್ಡಿಯಲ್ಲಿ ಒಡೆಸಬೇಕಾದ ಬಂಡೆಗಳಿಗೆ ಸುಣ್ಣದ ಗುರುತು ಹಾಕಿಸುತ್ತಿದ್ದ. ಗುರುಬಸವ್ವನ ಕಿವಿಗೆ ಅದು ಬಿತ್ತು. ಗಂಡನ ಮೇಲಿನ ಸಿಟ್ಟು ಅವಳ ಸ್ವಂತದ್ದು. ಅದನ್ನು ಮೈದುನ ತನ್ನ ಕೆಲಸಕ್ಕೆ ಬಳಸಿಕೊಳ್ಳುವುದನ್ನು ಅವಳು ಸಹಿಸಲಾರಳು.

ಮಧ್ಯಾಹ್ನ ಮಡ್ಡಿಯ ಮೇಲೆ, ಹೊಲಕ್ಕೆ ತಾಗಿದ ಅಂಚಿನಲ್ಲಿ ಮಡಿವಾಳೆಪ್ಪನನ್ನು ಕುಣಿಯಲ್ಲಿ ಕೂರಿಸಿ, ವಿಭೂತಿ, ಪತ್ರಿ ಹಾಕಿ ಮಣ್ಣು ಮುಚ್ಚಿದರು.

“ಸಮಾಧಿ ಆತು. ಇನ್ನ ಈ ಜಾಗಾ ಯಾರೂ ಕೆದರಬಾರ್ದು,” ಎಂದರು ಅಯ್ಯನವರು.

“ಇಷ್ಟ ಜಾಗಾ ಬಿಡತೇನ್ರಿ,” ವಿರೂಪಾಕ್ಷ ಕೈಯ ಮಣ್ಣು ಝಾಡಿಸಿದ. “ಉಳಿದದ್ದು ಒಡಸ್ತೇನಿ. ಅನ್ನಪೂರ್ಣಾನ ಗಂಡ ಒಪ್ಪ್ಯಾನ. ನೀವು ಎಷ್ಟ ದಿನಾ ಅಡ್ಡ ನಿಂತೀರಿ ವೈನಿ? ನಿಮ್ಮ ಹಿಂದ ಕೇಳಾವ್ರು ಯಾರು?”

ಮಗಳು ಅನ್ನಪೂರ್ಣಾ ತಲೆ ತಗ್ಗಿಸಿದಳು.

ಗುರುಬಸವ್ವ ನಿರಿಗೆ ಎತ್ತಿ ಹಿಡಿದು, ಒಂದು ಗಿಡವನ್ನೂ ತುಳಿಯದೆ ಉದ್ದಕ್ಕೂ ನಡೆದು, ಮಡ್ಡಿಯ ಆಚೆಯ ಅಂಚಿಗೆ ಹೋಗಿ ಕೂತಳು. ಎಲ್ಲರೂ ಹಿಂದೆ ಬಂದರು.

“ಕಾಡಪ್ಪ, ನನ್ನ ಕುಣಿ ಇಲ್ಲಿ. ಇವತ್ತ ತೋಡಿ ಕಲ್ಲ ಕಟ್ಟಿಬಿಡು.”

“ಯವ್ವಾ, ಅಪ್ಪನ ಬಾಜೂ ಬಿಟ್ಟು ಇಷ್ಟ ದೂರ?” ಅನ್ನಪೂರ್ಣಾ ಅಳುತ್ತ ಕೇಳಿದಳು.

“ಬದುಕಿದ್ದಾಗ ಇದು ನಮ್ಮಿಬ್ಬರ ನಡುವ ಇತ್ತು. ಸತ್ತಮ್ಯಾಲೂ ಇರಲಿ. ಅಜ್ಜಾರ, ಎರಡು ಸಮಾಧಿ ನಡುವ ಕಲ್ಲ ಒಡ್ಯಾಕ ಮದ್ದ ಹಾರಸ್ತಾರೇನ್ರಿ?”

ಅಯ್ಯನವರು ಮಡಿವಾಳೆಪ್ಪನ ಸಮಾಧಿಯತ್ತ ತಿರುಗಿ ನೋಡಿದರು. “ಹಾರಸಂಗಿಲ್ಲವ್ವಾ.”

“ಜೀವ ಇದ್ದಾಕಿಗೆ ಕುಣಿ!” ವಿರೂಪಾಕ್ಷ ಉಗುಳಿದ. “ತಲಿ ಕೆಟ್ಟೈತಿ ಇಕಿದು. ಕಾಡಪ್ಪ, ಹಾರಿ ಮುಟ್ಟಿದ್ರ ನೋಡು!”

ಕುಣಿಯ ಅಳತೆಯನ್ನು ಸತ್ತವರ ಪಾದದಿಂದಲೇ ತೆಗೆಯುವುದು ಆ ಊರವರ ರೂಢಿ. ಉಸಿರಾಡುವವರ ಪಾದಕ್ಕೆ ಅಳತೆಯ ಹುರಿ ಹಿಡಿಯಲು ಕಾಡಪ್ಪನ ಕೈ ಬರಲಿಲ್ಲ. ಗುರುಬಸವ್ವ ಅವನ ಕೈಯಿಂದ ಹುರಿ ಕಿತ್ತುಕೊಂಡು, ಒಂದು ತುದಿಯನ್ನು ತನ್ನ ಹಿಮ್ಮಡಿಗೆ ಒತ್ತಿ, ಮೈದುನನ ಮುಖವನ್ನೇ ನೋಡುತ್ತ ಇನ್ನೊಂದು ತುದಿಯನ್ನು ಹೆಬ್ಬೆರಳಿನವರೆಗೆ ಎಳೆದಳು.