‘ನೋಡಿದೆ’ ಎನ್ನುವವರ ಕೈಯಲ್ಲಿ ಒಂದು ಫಾಂಟ್

ನಾನು ಒಂದು ಫಾಂಟ್. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಅಕ್ಷರಗಳ ಒಂದು ಸೆಟ್ಟು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ನನ್ನನ್ನು ಯಾವುದಕ್ಕೋ ಬಳಸಿಕೊಳ್ಳುತ್ತೀರಿ. ಅನುಮಾನ ನನ್ನ ಹುಟ್ಟುಗುಣವಲ್ಲ, ಜನರ ಕೈಗೆ ಬಿದ್ದ ಮೇಲೆ ಅಂಟಿಕೊಂಡದ್ದು.

ಹುಟ್ಟಿದ್ದು ಗದಗಿನಲ್ಲಿ. ಪ್ರೆಸ್ಸಿನಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ ಬೆರಳು ಸವೆಸಿಕೊಂಡ ಶಿವಮೂರ್ತೆಪ್ಪ ಎಂಬ ಮುದುಕರು ನನ್ನನ್ನು ಗ್ರಾಫ್ ಹಾಳೆಯ ಮೇಲೆ ಬರೆದರು. ಅವರ ಸೊಸೆ ಕಂಪ್ಯೂಟರಿಗೆ ಇಳಿಸಿದರು. ಮುದುಕರಿಗೆ ಒಂದೇ ಹಟ. ಚಂದ ಕಾಣದಿದ್ದರೂ ಅಡ್ಡಿಯಿಲ್ಲ, ನೂರನೇ ಪುಟದಲ್ಲೂ ಓದುವವರ ಕಣ್ಣು ಉರಿಯಬಾರದು. ಅದಕ್ಕೇ ನನ್ನ ತಲೆಕಟ್ಟು ಸಾದಾ, ಹೊಟ್ಟೆ ತುಸು ಅಗಲ, ಒತ್ತಕ್ಷರಕ್ಕೆ ಕೆಳಗೆ ಧಾರಾಳ ಜಾಗ. ಕನ್ನಡದಲ್ಲಿ ಒಬ್ಬರ ಕಾಲ ಬುಡದಲ್ಲಿ ಇನ್ನೊಬ್ಬರು ಕೂತಿರುತ್ತಾರಲ್ಲ, ಸಾಲು ಒತ್ತಿದರೆ ಕೆಳಗಿನವರ ತಲೆಗೆ ಮೇಲಿನವರ ಕಾಲು ತಾಗುತ್ತದೆ.

ಪೆನ್‌ಡ್ರೈವ್ ಹತ್ತಿ ಮೊದಲು ಹೋದದ್ದು ಲಗ್ನಪತ್ರಿಕೆಯ ಅಂಗಡಿಗೆ. ಅಲ್ಲಿ ನನ್ನನ್ನು ಹಿಗ್ಗಿಸಿದರು, ವಾಲಿಸಿದರು, ಬಂಗಾರದ ಬಣ್ಣ ಬಳಿದರು. ಅಲ್ಲಿಂದ ಒಂದು ಸಣ್ಣ ಊರಿನ ಪುರಸಭೆಗೆ ಬಂದೆ. ಮುಖ್ಯಾಧಿಕಾರಿ ಪ್ರಹ್ಲಾದ ಸಾಹೇಬರು ವರ್ಷದ ನೀರು ಸರಬರಾಜು ವರದಿಗೆ ನನ್ನನ್ನೇ ಆರಿಸಿದರು. ನಾನೋ, ಪೆದ್ದ, ಹಿಗ್ಗಿಹೋದೆ.

ಆಮೇಲೆ ಗಾತ್ರ ಒಂಬತ್ತಕ್ಕೆ ಇಳಿಯಿತು. ಸಾಲುಗಳ ನಡುವಿನ ಜಾಗ ಹೋಯಿತು. ಕಾಗದ ಉಳಿಸಬೇಕಂತೆ! ನೂರ ನಲವತ್ತು ಪುಟ ಅರವತ್ತಕ್ಕೆ ಬಂತು. ಅದರ ಮೂವತ್ತೆಂಟನೇ ಪುಟದಲ್ಲಿ ನಾನು ಹೊತ್ತಿದ್ದ ಮಾತು ಇದು: ಹಳೇ ನೀರಿನ ಟ್ಯಾಂಕಿನ ಕಂಬಗಳಲ್ಲಿ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತಿದೆ, ಬುಡದಲ್ಲಿರುವ ಅಂಗನವಾಡಿಯನ್ನು ಕೂಡಲೇ ಬೇರೆಡೆಗೆ ಸಾಗಿಸಬೇಕು. ಆ ಕಂಬಗಳ ದುರಸ್ತಿ ಸರಿಯಾಗಿದೆ ಎಂದು ಹಿಂದೆ ಸಹಿ ಹಾಕಿದ್ದವರು ಇದೇ ಸಾಹೇಬರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ನನಗೆ ಎಲ್ಲ ಅರ್ಥವಾಯಿತು, ಆದರೆ ಗಂಟಲು ಹಿಸುಕಿದವರ ಕೈಯಲ್ಲಿ ಕೂಗುವುದು ಹೇಗೆ?

ವರದಿ ಸಭೆಗೆ ಹೋಯಿತು. ಸದಸ್ಯರೆಲ್ಲ ಕೊನೇ ಪುಟ ತೆಗೆದು ‘ನೋಡಿದೆ’ ಎಂದು ಬರೆದು ಸಹಿ ಹಾಕಿದರು. ಅದು ಅಲ್ಲಿಯ ಪದ್ಧತಿ. ನೋಡಿದ್ದಂತೂ ನಿಜ, ಓದಿದ್ದೀರಾ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಂಗನವಾಡಿ ಅಲ್ಲೇ ಉಳಿಯಿತು.

ಮರುವರ್ಷ ವಾರಿಜಾ ಎಂಬ ಹೊಸ ಎಂಜಿನಿಯರ್ ಬಂದು ಟ್ಯಾಂಕು ಹತ್ತಿ ಇಳಿದು ಅದೇ ಮಾತನ್ನು ಮತ್ತೆ ಬರೆದರು. ಹೋದ ವರ್ಷದ ಹಾಗೇ ಅಚ್ಚು ಹಾಕಿಸಿ ಅಂದರು ಸಾಹೇಬರು. ವಾರಿಜಾ ಹೂಂ ಅಂದು ಒಂದೇ ಪುಟವನ್ನು ನಾಲ್ಕು ಥರ ಮುದ್ರಿಸಿ ಸದಸ್ಯೆ ಗಂಗವ್ವನ ಖಾನಾವಳಿಗೆ ಹೋದರು. ಗಂಗವ್ವ ಐದನೇ ಇಯತ್ತೆ ಓದಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ನನಗೆ ವಾರಿಜಾ ಮೇಲೂ ಗುಮಾನಿ. ಯಾವ ಅಕ್ಷರ ಓದಲಿಕ್ಕಾಗುವುದಿಲ್ಲ ಎಂದು ಪತ್ತೆ ಹಚ್ಚಿ ಅದರಲ್ಲೇ ವರದಿ ಬಚ್ಚಿಡಲು ಬಂದವರೇ ಇರಬೇಕು ಅಂದುಕೊಂಡೆ.

ಗಂಗವ್ವ ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಸಾಲಿನ ಮೇಲೆ ಬೆರಳಿಟ್ಟಳು. ಬಳ್ಳಿ ಬಳ್ಳಿಯಾಗಿದ್ದ ಫಾಂಟಿನಲ್ಲಿ ಮೂರೇ ಸಾಲಿಗೆ ಬೆರಳು ನಿಂತಿತು. ಎಳೆಯಂತೆ ತೆಳ್ಳಗಿದ್ದದ್ದರಲ್ಲಿ ಅರ್ಧ ಪುಟ. ಹಿಸುಕಿದ ನನ್ನಲ್ಲಿ ಐದು ಸಾಲು ಓದಿ ಚಹಾ ಹೇಳಿದಳು. ನನಗೆ ಅವಮಾನವಾಯಿತು. ನಾಲ್ಕನೆಯದೂ ನಾನೇ, ಆದರೆ ಗಾತ್ರ ಹದಿನಾಲ್ಕು, ಮುದುಕರು ಬಿಟ್ಟಷ್ಟೇ ಜಾಗ. ಬೆರಳು ಪುಟದ ಕೊನೆಗೆ ಬಂತು. ಗಂಗವ್ವ ಹಾಳೆ ತಿರುವಿ ಹಿಂದೆ ನೋಡಿದಳು.

“ಮುಂದಿನ ಹಾಳಿ ಎಲ್ಲೈತ್ರಿ ಮೇಡಮ್ಮಾರ?”

ವಾರಿಜಾ ಇಡೀ ವರದಿಯನ್ನು ಆ ನಾಲ್ಕನೆಯ ಥರದಲ್ಲೇ ಮುದ್ರಿಸಿದರು. ಅದರ ದಪ್ಪ ನೋಡಿ ಸಾಹೇಬರು ಗೊಣಗಿದರು, ಆಮೇಲೆ ನಕ್ಕರು. ಇಷ್ಟು ದಪ್ಪದ್ದನ್ನು ಯಾರು ತೆರೆಯುತ್ತಾರೆ ಎಂಬ ಧೈರ್ಯ. ಗಂಗವ್ವ ಎಂಟು ದಿನ ರೊಟ್ಟಿಯ ನಡುವೆ ನನ್ನನ್ನು ಓದಿದಳು. ಸಭೆಯಲ್ಲಿ ಸಹಿಗೆ ಪೆನ್ನು ಬಂದಾಗ ಮುಟ್ಟಲಿಲ್ಲ. ಟ್ಯಾಂಕಿನ ಪುಟ ತೆಗೆದು ಎದ್ದು ನಿಂತು ಬೆರಳಿಟ್ಟು ಗಟ್ಟಿಯಾಗಿ ಓದಿದಳು.

“ಆ ಟ್ಯಾಂಕಿನ ಬುಡಕ್ಕ ದಿನಾ ಮೂವತ್ತೊಂದು ಕೂಸು ಕೂಡ್ತಾವ. ಹೋದ ವರ್ಷ ನಾನೂ ‘ನೋಡಿದೆ’ ಅಂತ ಬರದೀನಿ. ನನಗ ನಾಚಿಕಿ ಆಗೇತಿ. ನಿಮಗ?”

ಮರುದಿನವೇ ಮಕ್ಕಳನ್ನು ಸಮುದಾಯ ಭವನಕ್ಕೆ ಕಳಿಸಿದರು. ಟ್ಯಾಂಕ್ ಕೆಡವುವ ಕಡತ ಮಾತ್ರ ಮೇಜಿನಿಂದ ಮೇಜಿಗೆ ತೆವಳುತ್ತಿತ್ತು. ಹದಿನೇಳನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೆ, ಒಂದು ಕಂಬ ಕುಸಿದು ಅಂಗನವಾಡಿಯ ಚಾವಣಿ ಮುರಿಯಿತು. ಒಳಗೆ ಸುತ್ತಿಟ್ಟ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಅವತ್ತು ನಾನು ಅಳಬಲ್ಲವನಾಗಿದ್ದರೆ ಅಳುತ್ತಿದ್ದೆ.

ತಪ್ಪು ಯಾರದು ಎಂಬ ವರದಿಯನ್ನು ಸಾಹೇಬರೇ ಸಿದ್ಧ ಮಾಡಿಸಿದರು. ಅದಕ್ಕೆ ನಾನು ಬೇಡವಾದೆ. ಹೊಸದಾಗಿ ಬಂದ ಇನ್ನೊಂದು ಫಾಂಟಿಗೆ ಆ ಕೆಲಸ ಸಿಕ್ಕಿತು, ಗಾತ್ರ ಒಂಬತ್ತು, ಸಾಲಿಗೆ ಸಾಲು ಅಂಟಿಕೊಂಡಿತ್ತು. ಅಷ್ಟರಲ್ಲಿ ವಾರಿಜಾಗೆ ವರ್ಗವಾಗಿತ್ತು. ಫಾಂಟುಗಳ ಪಟ್ಟಿಯ ತೀರಾ ಕೆಳಗೆ ನಾನು ಸುಮ್ಮನೆ ಬಿದ್ದಿದ್ದೆ. ಮುದಿತನ ಅಂದರೆ ಇದೇ, ಯಾರೂ ಒತ್ತದ ಹೆಸರಾಗುವುದು.

ಆ ವರದಿ ಗಂಗವ್ವನಿಂದ ಸಹಿಯಿಲ್ಲದೆ ವಾಪಸು ಬಂತು. ತಂದವಳು ಅವಳೇ.

“ಸಾಹೇಬ್ರ, ಇದನ್ನ ನಾ ಓದಿಲ್ಲ. ಓದಾಕ ಬರೂ ಹಂಗ ತಗಸಿ ಕೊಡ್ರಿ. ಅಲ್ಲೀತನಕ ಯಾರೂ ಸಹಿ ಹಾಕೂದಿಲ್ಲ, ಕೇಳೀನಿ ಎಲ್ಲಾರನ್ನೂ.”

ಅವಳು ಹೋದ ಮೇಲೆ ಸಾಹೇಬರು ತಾವೇ ಕಂಪ್ಯೂಟರಿನ ಮುಂದೆ ಕೂತರು. ಆಮೇಲೆ ಮೌಸ್ ಪಟ್ಟಿಯ ಮೇಲೆ ಒಂದೊಂದೇ ಹೆಸರು ದಾಟಿ ನನ್ನ ಮೇಲೆ ನಿಂತಿತು. ಗಾತ್ರ ಹದಿನಾಲ್ಕಾಯಿತು. ಸಾಲುಗಳು ಬಿಟ್ಟುಕೊಂಡವು. ಯಾಕೆ ಕರೆದರು ಎಂದು ಈ ಸಲ ನಾನು ಅನುಮಾನಿಸಲಿಲ್ಲ, ಓದಿಸಲಿಕ್ಕೇ. ಸಾಹೇಬರು ಪ್ರಿಂಟ್ ಒತ್ತಿದರು.