ನೆರೆಯ ಗೆರೆ ಮತ್ತು ಅಕ್ಕನ ಟೇಪು

ಭಾವನಿಗೂ ನನಗೂ ಎಣ್ಣೆ ಸೀಗೆಕಾಯಿ. ಅಕ್ಕನನ್ನು ಮದುವೆಯಾಗಿ ನಮ್ಮ ಮನೆಗೇ ಬಂದು ತಳವೂರಿದವನು ಅವನು. ನದಿ ನಮ್ಮ ಬೀದಿಗೆ ನುಗ್ಗಿದ್ದನ್ನು ಕಣ್ಣಾರೆ ಕಂಡವನಲ್ಲ. ಆದರೂ ನೆರೆಯ ಮಾತು ಬಂದರೆ ಅವನ ಬಾಯಿಗೆ ಬೀಗವಿಲ್ಲ. ನದಿಗೆ ಅಣೆಕಟ್ಟು ಬರಲಿದೆಯಲ್ಲ, ಅದರ ಜಲಾಶಯದಲ್ಲಿ ವಿಹಾರದ ದೋಣಿ ಬಿಡುವ ಸಂಘಕ್ಕೆ ಅವನೇ ಕಾರ್ಯದರ್ಶಿ.

ನಾನು ಆ ಯೋಜನೆಯ ಕಚೇರಿಯಲ್ಲಿ ಸರ್ವೇಯರ್. ಜಗಳ ಇಷ್ಟೇ. ಮಳೆಗಾಲಕ್ಕೆ ಮುಂಚೆ ಜಲಾಶಯವನ್ನು ಮೂರು ಮೀಟರ್ ಖಾಲಿ ಇಟ್ಟರೆ ನೆರೆಯ ನೀರಿಗೆ ಅಲ್ಲಿ ಜಾಗವಿರುತ್ತದೆ, ನಮ್ಮ ಬೀದಿ ಉಳಿಯುತ್ತದೆ. ಒಂದೇ ಮೀಟರ್ ಇಟ್ಟರೆ ದೋಣಿಗಳು ಕೆಸರಿನಲ್ಲಿ ಕೂರುವುದಿಲ್ಲ, ಭಾವನ ಸಂಘ ಉಳಿಯುತ್ತದೆ. ಹಿಂದಿನ ನೆರೆ ಎಷ್ಟು ಎತ್ತರ ಬಂದಿತ್ತು ಎಂಬುದರ ಮೇಲೆ ಎಲ್ಲ ನಿಂತಿತ್ತು. ಸರಕಾರದ ಅಳತೆಗಂಬ ಆ ನೆರೆಯಲ್ಲೇ ಕೊಚ್ಚಿಹೋಗಿತ್ತು. ಉಳಿದ ಸಾಕ್ಷಿಯೆಂದರೆ ನಮ್ಮ ಅಡುಗೆಮನೆ ಗೋಡೆಯಲ್ಲಿ ನೀರು ಬಂದ ಮಟ್ಟಕ್ಕೆ ಎಳೆದ ಕಪ್ಪು ಗೆರೆ, ಕಿಟಕಿಯ ಕಟ್ಟೆಗಿಂತ ಆರು ಇಂಚು ಕೆಳಗೆ. ಅದನ್ನು ಅಳೆದು ವರದಿಗೆ ಸಹಿ ಹಾಕಿದವಳು ನಾನೇ; ಆ ಲೆಕ್ಕಕ್ಕೆ ಒಂದೇ ಮೀಟರ್ ಸಾಕಾಗುತ್ತಿತ್ತು.

ಸಹಿ ಹಾಕಿದ ಮೇಲೂ ಮನಸ್ಸು ಒಪ್ಪಲಿಲ್ಲ. ಏಳು ವರ್ಷದವಳಾಗಿ ಆ ಕಟ್ಟೆಯ ಮೇಲೆ ನಿಂತಿದ್ದಾಗ ನನ್ನ ಪಾದ ನೀರಿನಲ್ಲಿ ಮುಳುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಸಭೆಯಲ್ಲಿ ಹೇಳಿಯೂ ಹೇಳಿದೆ.

"ಮಗುವಿನ ನೆನಪು ನಂಬ್ಕೊಂಡು ಅಣೆಕಟ್ಟು ಕಟ್ಟಕ್ಕಾಗುತ್ತೇನಮ್ಮಾ?" ಎಂದರು ಮುಖ್ಯ ಇಂಜಿನಿಯರ್.

ಸಂಘದ ಪರವಾಗಿ ಬಂದಿದ್ದ ಭಾವ ನಕ್ಕ. "ನಮ್ಮ ನಾದಿನಿ ಚಿಕ್ಕಂದಿನಿಂದ್ಲೂ ಒಂದಕ್ಕೆ ಎರಡು ಸೇರಿಸೋಳು ಸಾರ್. ಗೆರೆ ಅಳೆದಿದ್ದು ಅವಳೇ ಅಲ್ವಾ?"

ಇಡೀ ಸಭೆ ನಕ್ಕಿತು. ಮೈಯೆಲ್ಲ ಉರಿದುಹೋಯಿತು. ಸೋಮವಾರ ಕೊನೆಯ ತೀರ್ಮಾನ ಎಂದರು.

ಶನಿವಾರ ನಾನು ಹುಟ್ಟಿದ ಆ ಮನೆಗೆ, ಈಗ ಅಕ್ಕ ಭಾವ ಇರುವಲ್ಲಿಗೆ, ಹೋದೆ. ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಪ್ಯಾಂಟು ಒಯ್ಯಲು ಬಂದ ಗಿರಾಕಿಯೊಬ್ಬರ ಮುಂದೆ ಭಾವ ಚಹಾ ಹೀರುತ್ತಾ ಹರಟುತ್ತಿದ್ದ.

"ಉದ್ದ ನೋಡ್ಕೊಳ್ಳಿ ಸ್ವಾಮಿ! ಮನೆಗೆ ಬಣ್ಣ ಹೊಡೆಸಿದ ವಾರ ಇವಳಿಗೆ ಹೊಸ ಟೇಪು ತಂದ್ಕೊಟ್ಟೆ. ಪಾಪ, ಮೇಷ್ಟ್ರ ಪ್ಯಾಂಟು ಮೊಣಕಾಲಿಗೆ ಬಂತು."

ಇದು ಮನೆಯ ಹಳೆಯ ತಮಾಷೆ. ಅಕ್ಕನ ಹಳೆಯ ಟೇಪಿನ ಮೊದಲ ಹತ್ತು ಇಂಚು ಹರಿದುಹೋಗಿತ್ತು. ಅವಳು ವರ್ಷಗಟ್ಟಲೆ ಅದರಲ್ಲೇ ಅಳೆದು, ಬಂದದ್ದರಲ್ಲಿ ಹತ್ತು ಕಳೆಯುತ್ತಿದ್ದಳು. ಹೊಸ ಟೇಪು ಬಂದಾಗಲೂ ಅಭ್ಯಾಸಬಲದಿಂದ ಹತ್ತು ಕಳೆದಿದ್ದಳು. ನಾನೂ ಎಷ್ಟೋ ಸಲ ನಕ್ಕಿದ್ದೆ. ಆದರೆ ಅದು ಬಣ್ಣ ಹೊಡೆಸಿದ ವಾರ ಎಂದು ನನಗೆ ಗೊತ್ತಿರಲಿಲ್ಲ.

"ಅಕ್ಕಾ, ಬಣ್ಣ ಆದ್ಮೇಲೆ ಆ ಗೆರೆ ಮತ್ತೆ ಎಳೆದವ್ರು ಯಾರು?"

"ನಾನೇ ಕಣೇ. ಮೊದ್ಲೇ ಹಳೇ ಟೇಪಲ್ಲಿ ಅಳೆದು, ಹತ್ತು ಕಳೆದು, ಚೀಟೀಲಿ ಬರ್ಕೊಂಡಿದ್ದೆ. ಆಮೇಲೆ ಹೊಸ ಟೇಪು ಹಿಡ್ಕೊಂಡು..." ಹೊಲಿಗೆ ಯಂತ್ರ ನಿಂತಿತು. "ಅಯ್ಯೋ. ಮತ್ತೆ ಹತ್ತು ಕಳೆದ್ನೋ ಏನೋ."

ಬಟ್ಟೆಯಲ್ಲಿ ಹತ್ತು ಇಂಚು ಹೋದರೆ ಒಂದು ಪ್ಯಾಂಟು ಹಾಳು. ನದಿಯ ಅಗಲಕ್ಕೆ ಹತ್ತು ಇಂಚು ಹೆಚ್ಚು ನೀರೆಂದರೆ ಒಂದು ಮೀಟರ್ ಖಾಲಿ ಜಾಗ ಯಾವ ಮೂಲೆಗೂ ಸಾಲದು. ನಾನು ಅಡುಗೆಮನೆಗೆ ಓಡಿದೆ. ಭಾವ ನನಗಿಂತ ಮೊದಲೇ ನುಗ್ಗಿ ಗೋಡೆಗೆ ಬೆನ್ನು ಕೊಟ್ಟು ನಿಂತ.

"ಕೆರೆದ್ರೆ ಕೈ ಮುರೀತೀನಿ!"

"ಮುರೀರಿ, ನೋಡೇ ಬಿಡ್ತೀನಿ."

"ವರದೀಲಿ ಸಹಿ ಯಾರ್ದು? ನಿಂದು. ತಪ್ಪು ಅಂತ ಹೇಳಿದ್ರೆ ಮೊದ್ಲು ಹೋಗೋದು ನಿನ್ನ ಕೆಲಸ. ಬಾಯಿ ಮುಚ್ಕೊಂಡು ಮನೆಗೆ ಹೋಗು."

ಹೆದರಿದೆ, ಸುಳ್ಳೇಕೆ ಹೇಳಲಿ. ಗೆರೆಯ ವಯಸ್ಸು ಕೇಳದೆ ಅಳೆದದ್ದು ನನ್ನದೇ ಮೂರ್ಖತನ. ಹುಟ್ಟಿದ ಮನೆಯ ಗೋಡೆ ಎಂದು ಕಣ್ಣು ಮುಚ್ಚಿ ನಂಬಿದ್ದೆ. ನನ್ನ ಕಾಲು ಒಂದು ಹೆಜ್ಜೆ ಹಿಂದೆ ಹೋಯಿತು.

ಹಿಂದೆ ಅಕ್ಕ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಕತ್ತರಿ.

"ಸರೀರಿ ಪಕ್ಕಕ್ಕೆ," ಎಂದಳು ಗಂಡನಿಗೆ.

"ಹನ್ನೆರಡು ದೋಣಿಗೆ ಹೇಳಿದೀನಿ ಕಣೇ! ಊರವ್ರಿಗೆ ಹೇಗೆ ಮುಖ ತೋರಿಸ್ಲಿ?"

"ಆ ನೀರಲ್ಲಿ ಇವಳನ್ನ ಕಟ್ಟೆ ಮೇಲೆ ನಿಲ್ಲಿಸಿ ರಾತ್ರಿಯಿಡೀ ಹಿಡ್ಕೊಂಡಿದ್ದೋಳು ನಾನು. ಸರೀರಿ."

ಅವನು ಸರಿದ. ಅಕ್ಕ ಗೆರೆಯಿಂದ ಹತ್ತು ಇಂಚು ಮೇಲೆ, ಕಿಟಕಿಯ ಪಕ್ಕದಲ್ಲಿ ಕೆರೆದಳು. ಹಳದಿ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಅದರಡಿಯಿಂದ ಹಳೆಯ ಗೆರೆ ಕಾಣಿಸಿತು, ಕಟ್ಟೆಗಿಂತ ನಾಲ್ಕು ಇಂಚು ಮೇಲೆ.

ಸೋಮವಾರ ಎಲ್ಲರೆದುರು ನನ್ನ ಸಹಿಯನ್ನು ನಾನೇ ಹೊಡೆದುಹಾಕಿದೆ. ಮೂರು ಮೀಟರ್ ತೀರ್ಮಾನವಾಯಿತು. ಅಳತೆಯ ಉಪಕರಣ ಕಸಿದುಕೊಂಡು ನನ್ನನ್ನು ಕಡತದ ಕೋಣೆಯ ಕೆಲಸಕ್ಕೆ ಹಾಕಿದರು. ಸಂಕಟವಾಯಿತು, ಈಗಲೂ ಆಗುತ್ತದೆ.

ಭಾವ ನನ್ನೊಡನೆ ಮಾತು ಬಿಟ್ಟಿದ್ದಾನೆ. ಆ ಗೋಡೆಗೆ ಮತ್ತೆ ಬಣ್ಣ ಹೊಡೆಯಲು ಡಬ್ಬಿ ತಂದಿದ್ದನಂತೆ. ಅಕ್ಕ ಅದನ್ನು ಬಚ್ಚಲಿಗೆ ಸುರಿದಳು. ಈಗ ಅವನು ದಿನಕ್ಕೆ ಎರಡು ಹೊತ್ತು ಆ ಕೆರೆದ ಗೋಡೆಯ ಎದುರೇ ಊಟಕ್ಕೆ ಕೂರುತ್ತಾನೆ. ನನಗೆ ಅಷ್ಟು ಸಾಕು.