ಮೊದಲ ಪ್ರದರ್ಶನದ ಕುಂಕುಮ

ನಾಟಕದಲ್ಲಿ ಗಂಡ ಸತ್ತ ಸುದ್ದಿ ಬಂದಾಗ ಪ್ರಭಾ ಹಣೆಯ ಕುಂಕುಮ ಅಳಿಸಿಕೊಳ್ಳಬೇಕಿತ್ತು. ಎರಡು ತಿಂಗಳ ತಾಲೀಮಿನಲ್ಲಿ ಒಂದು ದಿನವೂ ಅವಳು ಅಳಿಸಿಕೊಂಡಿರಲಿಲ್ಲ. ಕೈ ಹಣೆಯ ಹತ್ತಿರ ಹೋಗುವಷ್ಟರಲ್ಲಿ "ಇಲ್ಲಿ ಅಳಿಸ್ಕೋತೀನಿ, ಮುಂದಕ್ಕೆ ಹೋಗೋಣ" ಎಂದುಬಿಡುತ್ತಿದ್ದಳು.

ಅದು ಎಪ್ಪತ್ತೊಂಬತ್ತನೇ ಇಸವಿ. ಪ್ರಭಾ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸದಲ್ಲಿದ್ದಳು. ಅಲ್ಲಿಯೇ ನಕ್ಷೆ ಬರೆಯುತ್ತಿದ್ದ ರಾಮಪ್ರಸಾದ, ಕ್ಯಾಂಟೀನಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಒಂಬತ್ತು ಜನರ ತಂಡ ಕಟ್ಟಿದ್ದ. ನಾಟಕ ಬರೆದವನೂ ಅವನೇ. ತಗಡು ಒತ್ತುವ ಪ್ರೆಸ್ ಮಷೀನಿಗೆ ಸಿಕ್ಕಿ ಸತ್ತ ಕೆಲಸಗಾರನ ಕಥೆ. ಪ್ರಭಾಳ ಗಂಡ ಜಯಸಿಂಹ ಪೀಣ್ಯದ ಒಂದು ಶೆಡ್ಡಿನಲ್ಲಿ ಪ್ರೆಸ್ ಮಷೀನೇ ನಡೆಸುತ್ತಿದ್ದ. ಗೊತ್ತಿದ್ದೂ ಪಾತ್ರ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಆ ಕಳವಳವನ್ನು ಇನ್ನಷ್ಟು ಹೆಚ್ಚಿಸಿದವನು ಬೈರಪ್ಪ. ದಿನಾ ತಾಲೀಮು ನೋಡಲು ಬಂದು ಕೂರುತ್ತಿದ್ದ ಪಕ್ಕದ ಹಳ್ಳಿಯ ಈ ಮುದುಕ ಇಪ್ಪತ್ತು ವರ್ಷ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದವನು. ಪರದೆಯ ಹಿಂದೆ ಶಿಳ್ಳೆ ಹಾಕಬಾರದು, ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂರಬಾರದು, ನಾಟಕದ ಕೊನೆಯ ಮಾತನ್ನು ತಾಲೀಮಿನಲ್ಲಿ ಆಡಬಾರದು ಎನ್ನುತ್ತಿದ್ದ. ರಾಮಪ್ರಸಾದ ಬೇಕೆಂದೇ ಶಿಳ್ಳೆ ಹಾಕುತ್ತಿದ್ದ. ಪ್ರಭಾಳಿಗೆ ನಗು ಬರುತ್ತಿರಲಿಲ್ಲ.

"ಮುತ್ತೈದೆ ಇಟ್ಕಂಡಿರೋ ಕುಂಕುಮಾನ ಅಳಿಸ್ಬಾರ್ದು ಕಣವ್ವ" ಎಂದಿದ್ದ ಬೈರಪ್ಪ. "ಕಂಪನೀಲಿ ಇಂತಾ ಸೀನು ಬಂದ್ರೆ ಆಯಮ್ಮನ ಗಂಡನ್ನ ಎದುರ್ಗೇ ಕೂರಿಸೋರು. ಕಣ್ಣಿಗೆ ಕಾಣ್ತಿರ್ಬೇಕು."

ಮನೆಯಲ್ಲಿ ಹೇಳಿದಾಗ ಜಯಸಿಂಹ ನಕ್ಕ. "ಮುಂದಿನ ಸಾಲಲ್ಲೇ ಕೂರ್ತೀನಿ ಕಣೇ. ಬದುಕಿದೀನಿ ಅಂತ ನೋಡ್ಕೊಂಡೇ ಅಳಿಸ್ಕೋ."

ಪ್ರದರ್ಶನದ ಶನಿವಾರ ಆರೂವರೆಗೆ ಕಾರ್ಖಾನೆಯ ಕಾಲೊನಿಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ಖಾಲಿ. ಜಯಸಿಂಹನ ಪಾಳಿ ನಾಲ್ಕೂವರೆಗೇ ಮುಗಿಯಬೇಕಿತ್ತು. ಮೊದಲ ಅಂಕ ಮುಗಿದಾಗಲೂ ಕುರ್ಚಿ ಹಾಗೇ ಇತ್ತು.

"ಯಾರನ್ನಾದ್ರೂ ಪೀಣ್ಯಕ್ಕೆ ಕಳಿಸಿ" ಎಂದಳು.

"ಬಸ್ ಸಿಕ್ಕಿರಲ್ಲ ಪ್ರಭಾ ಅವ್ರೇ, ಬರ್ತಾರೆ. ನಿಮ್ಮ ಸೀನ್ ಬಂತು" ಎಂದು ರಾಮಪ್ರಸಾದ ಅವಳನ್ನು ರಂಗಕ್ಕೆ ತಳ್ಳಿಯೇಬಿಟ್ಟ.

ಸುದ್ದಿ ತಂದ ಪಾತ್ರಧಾರಿ ತನ್ನ ಮಾತು ಹೇಳಿದ. ಪ್ರಭಾಳ ಕೈ ಮೇಲೆ ಹೋಯಿತು. ಅಳಿಸುವ ಬದಲು ಅಂಗೈ ಹಣೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿತು. ಯಾರೋ ಕಿತ್ತುಕೊಳ್ಳಲು ಬರುತ್ತಿದ್ದಾರೆ ಎಂಬಂತೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಆಡಬೇಕಾದ ಮಾತು ಒಂದೂ ಹೊರಡಲಿಲ್ಲ. ಎರಡನೇ ಸಾಲಿನಿಂದ ಯಾವುದೋ ಅಜ್ಜಿ, "ಬ್ಯಾಡ ಕಣವ್ವ, ಅಳಿಸ್ಬ್ಯಾಡ" ಎಂದಳು.

ಪರದೆ ಬಿದ್ದದ್ದೇ ಪ್ರಭಾ ಬಣ್ಣದ ಮುಖದಲ್ಲೇ ಹೊರಗೆ ಓಡಿದಳು. ಸೈಕಲ್ ಸ್ಟ್ಯಾಂಡಿನ ಹತ್ತಿರ ಜಯಸಿಂಹ ನಿಂತಿದ್ದ.

"ಯಾವಾಗ ಬಂದ್ರಿ?"

"ಐದೂ ಮುಕ್ಕಾಲಿಗೆ. ಒಳಗೆ ಬರಕ್ಕಾಗ್ಲಿಲ್ಲ ಕಣೇ. ಮಂಗಳವಾರ ಪಕ್ಕದ ಮಷೀನಲ್ಲಿ ಗೋಪಾಲಪ್ಪಂದು ಎರಡು ಬೆರಳು ಹೋಯ್ತು. ನಿನಗೆ ಹೇಳಿದ್ರೆ ಪಾತ್ರ ಬಿಟ್ಬಿಡ್ತೀಯ ಅಂತ ಹೇಳ್ಲಿಲ್ಲ. ಆಮೇಲೆ ಆ ಸೀನ್ ನೋಡಕ್ಕೆ ನನಗೇ ಹೆದರಿಕೆ ಆಯ್ತು."

ಅವಳು ಬೈಯಬೇಕೆಂದಿದ್ದಳು. ಅದರ ಬದಲು ಅವನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಅಷ್ಟರಲ್ಲಿ ಹುಡುಕಿಕೊಂಡು ಬಂದ ರಾಮಪ್ರಸಾದ, "ನೀವು ಆಡಿದ್ದು ನಾನು ಬರೆದಿದ್ದಲ್ಲ. ಆದರೆ ಇನ್ಮೇಲೆ ಅದೇ ಇರ್ಲಿ" ಎಂದ.

"ಇನ್ನೊಂದ್ಸಲ ಆಡೋದಾದ್ರೆ ಇವರ ಶೆಡ್ಡಿನ ಮುಂದೆ ಆಡೋಣ" ಎಂದಳು ಪ್ರಭಾ. "ಮಾಲೀಕರೂ ನೋಡ್ಲಿ."

"ನನ್ನ ಕೆಲಸ ಹೋಗುತ್ತೆ" ಎಂದ ಜಯಸಿಂಹ.

"ಕೈ ಹೋಗೋದಕ್ಕಿಂತ ವಾಸಿ."

ಅವನು ಒಂದು ವಾರ ಮುನಿಸಿಕೊಂಡೇ ಇದ್ದ. ಕೊನೆಗೆ ಅವನೇ ಹೋಗಿ ಶೆಡ್ಡಿನ ಎದುರಿನ ಬಯಲಿನಲ್ಲಿ ಜಾಗ ಗೊತ್ತುಮಾಡಿಕೊಂಡು ಬಂದ. ಮುಂದಿನ ತಿಂಗಳು ಪಾಳಿ ಬದಲಾಗುವ ಹೊತ್ತಿಗೆ ತಂಡ ಅಲ್ಲಿ ಆಡಿತು. ಜಯಸಿಂಹ ನೆಲದ ಮೇಲೆ ಗೋಪಾಲಪ್ಪನ ಪಕ್ಕದಲ್ಲಿ ಕೂತು, ತಲೆ ತಗ್ಗಿಸದೆ ಪೂರ್ತಿ ನೋಡಿದ. ಮಾಲೀಕರು ಹೊರಗೆ ಬರಲೇ ಇಲ್ಲ. ಆದರೆ ಹದಿನೈದು ದಿನದಲ್ಲಿ ಮೂರು ಪ್ರೆಸ್ ಮಷೀನುಗಳ ಪೈಕಿ ಒಂದಕ್ಕೆ, ಕೈ ಒಳಗೆ ಹೋಗದಂತೆ ಕಬ್ಬಿಣದ ಜಾಲರಿ ಬಂತು. ಅದು ಜಯಸಿಂಹನ ಮಷೀನಲ್ಲ.

ಜಾಲರಿ ಬಂದ ಮಾರನೆಯ ಬೆಳಿಗ್ಗೆಯೇ ಪ್ರಭಾ ನಕ್ಷೆ ವಿಭಾಗದ ಬಾಗಿಲಲ್ಲಿ ನಿಂತು, ಮೂರನೆಯ ಪ್ರದರ್ಶನಕ್ಕೆ ದಿನ ಗೊತ್ತುಮಾಡಿ ಎಂದು ರಾಮಪ್ರಸಾದನ ಬೆನ್ನು ಹತ್ತಿದಳು.